ಎರಡನೇ ಡ್ರೈವ್‌ನಲ್ಲಿ ಲಿನಕ್ಸ್: ವಿಂಡೋಸ್‌ಗೆ ಕೈಹಚ್ಚದೆ ಡ್ಯುಯಲ್ ಬೂಟ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿದ ಯಂತ್ರಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಲೋಪಗಳಿಗೆ ಇನ್ನು ತೇಪೆ ಬೀಳುವುದಿಲ್ಲ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದೋ ಅದರ ನಂತರದ್ದೋ ಆಗಿರಬೇಕು. 2016ರಲ್ಲಿ ಕೊಂಡ ಐ5 ಯಂತ್ರ ಇವತ್ತಿಗೂ ಗಟ್ಟಿಯಾಗಿಯೇ ಓಡುತ್ತಿರಬಹುದು. ಆದರೆ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಇಂಥ ಯಂತ್ರಕ್ಕೆ ಲಿನಕ್ಸ್ ಹೇಳಿಮಾಡಿಸಿದಂತಿದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಈ ವ್ಯವಸ್ಥೆ ಇಂದು ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದ ರೂಪಗಳಲ್ಲಿ ಉಚಿತವಾಗಿ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಚುರುಕಾಗಿ ನಡೆಯುತ್ತದೆ. ತೊಡಕಿರುವುದು ವಿಂಡೋಸ್ ಬಿಡುವುದರಲ್ಲಿ. ತಾಲೂಕು ಊರಿನ ಒಂದು ಡಿಟಿಪಿ ಅಂಗಡಿಯನ್ನೇ ನೋಡಿ. ಹಳೆಯ ಕಡತಗಳೆಲ್ಲ ನುಡಿ ಅಕ್ಷರಗಳಲ್ಲಿವೆ. ಪುಟ ಜೋಡಣೆ ನಡೆಯುವುದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಲೆಕ್ಕಪತ್ರ ಟ್ಯಾಲಿಯಲ್ಲಿದೆ. ಇವನ್ನೆಲ್ಲ ಒಂದೇ ದಿನದಲ್ಲಿ ಕೈಬಿಡಲು ಯಾರಿಂದಲೂ ಆಗದು. ಹಾಗಾಗಿ ಎರಡೂ ಇರಲಿ ಎಂಬ ಆಲೋಚನೆ ಸಹಜ: ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಆರಿಸಿಕೊಳ್ಳುವ ಏರ್ಪಾಡು, ಅಂದರೆ ಡ್ಯುಯಲ್ ಬೂಟ್. ಬೆಂಬಲ ತಪ್ಪಿದ ವಿಂಡೋಸ್ 10 ಇರುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಬ್ಯಾಂಕು, ಇಮೇಲು, ಅಂತರಜಾಲವೆಲ್ಲ ಲಿನಕ್ಸ್‌ನಲ್ಲಿ ನಡೆಯಲಿ. ವಿಂಡೋಸ್ ನೆಟ್‌ನಿಂದ ದೂರವಿದ್ದು ನುಡಿ, ಟ್ಯಾಲಿಗಳಿಗೆ ಮೀಸಲಾಗಲಿ.

ಸಾಮಾನ್ಯವಾಗಿ ಇದನ್ನು ಒಂದೇ ಡಿಸ್ಕ್‌ನಲ್ಲಿ ಜಾಗ ಹಂಚಿ ಮಾಡುತ್ತಾರೆ. ಕೈಕೊಡುವುದೂ ಅಲ್ಲೇ. ವಿಂಡೋಸ್‌ನ ಪಾರ್ಟಿಷನ್ ಕುಗ್ಗಿಸುವಾಗ ಕರೆಂಟ್ ಹೋಯಿತು, ತಪ್ಪು ಪಾರ್ಟಿಷನ್ ಅಳಿಸಿಹೋಯಿತು, ಲಿನಕ್ಸ್ ತೆಗೆದಮೇಲೆ ವಿಂಡೋಸ್ ಏಳಲೇ ಇಲ್ಲ. ರಿಪೇರಿ ಅಂಗಡಿಗೆ ಬರುವ ದೂರುಗಳಲ್ಲಿ ಇವು ಮಾಮೂಲು. ಬೇರೆಯದೇ ಒಂದು ಡ್ರೈವ್ ಹಾಕಿ ಅದರಲ್ಲಿ ಲಿನಕ್ಸ್ ಕೂರಿಸಿದರೆ ಈ ದೂರುಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಆದರೆ ಅದಕ್ಕೊಂದು ಷರತ್ತಿದೆ: ಬೂಟ್‌ಲೋಡರ್ ಕೂಡ ಆ ಹೊಸ ಡ್ರೈವ್‌ನಲ್ಲೇ ಇರಬೇಕು.

ಕಂಪ್ಯೂಟರ್ ಏಳುವುದು ಹೇಗೆ?

ವಿಂಡೋಸ್ 8ರ ಕಾಲದಿಂದೀಚೆಗಿನ ಯಂತ್ರಗಳಲ್ಲಿ ಹಳೆಯ ಬಯೋಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ; ಜನ ಈಗಲೂ ಅದನ್ನು ಬಯೋಸ್ ಎಂದೇ ಕರೆಯುತ್ತಾರೆ. ಪವರ್ ಬಟನ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಈ ತಂತ್ರಾಂಶ. ಅದು ಡ್ರೈವ್‌ಗಳಲ್ಲಿ ಇಎಫ್‌ಐ ಪಾರ್ಟಿಷನ್ ಎಂಬ ಸಣ್ಣ ಜಾಗವನ್ನು ಹುಡುಕುತ್ತದೆ. ವಿಂಡೋಸ್ ಇದಕ್ಕೆ ಸಾಮಾನ್ಯವಾಗಿ 100 ಎಂಬಿಯಷ್ಟು ಜಾಗ ಮೀಸಲಿಟ್ಟಿರುತ್ತದೆ. ಅದರೊಳಗೆ ಆಯಾ ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್ ಇರುತ್ತದೆ. ವಿಂಡೋಸ್‌ನದು ವಿಂಡೋಸ್ ಬೂಟ್ ಮ್ಯಾನೇಜರ್. ಉಬುಂಟು, ಮಿಂಟ್‌ಗಳದು ಗ್ರಬ್. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ.

ಎರಡು ಡ್ರೈವ್‌ಗಳಿಗೂ ತಮ್ಮತಮ್ಮ ಇಎಫ್‌ಐ ಪಾರ್ಟಿಷನ್, ತಮ್ಮತಮ್ಮ ಬೂಟ್‌ಲೋಡರ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ಏಳುತ್ತದೆ. ಒಂದನ್ನು ಬಿಚ್ಚಿ ತೆಗೆದರೂ ಇನ್ನೊಂದಕ್ಕೆ ಅದರ ಅರಿವೇ ಇರುವುದಿಲ್ಲ.

ಲಿನಕ್ಸ್‌ನ ಕೆಲವು ಇನ್‌ಸ್ಟಾಲರ್‌ಗಳು ಇಲ್ಲೇ ಎಡವುತ್ತವೆ. ಉಬುಂಟು ಬಹುಕಾಲ ಬಳಸಿದ, ಮಿಂಟ್ 22ರಲ್ಲೂ ಇರುವ ಯುಬಿಕ್ವಿಟಿ ಎಂಬ ಇನ್‌ಸ್ಟಾಲರ್‌ಗೆ ಒಂದು ಹಳೆಯ ಚಾಳಿ ಇದೆ. "ಬೂಟ್‌ಲೋಡರ್ ಎರಡನೇ ಡ್ರೈವ್‌ಗೆ ಹಾಕು" ಎಂದು ಆರಿಸಿದರೂ ಯುಇಎಫ್‌ಐ ಯಂತ್ರದಲ್ಲಿ ಅದು ಆ ಮಾತು ಕೇಳದೆ, ಮೊದಲು ಕಣ್ಣಿಗೆ ಬಿದ್ದ ಇಎಫ್‌ಐ ಪಾರ್ಟಿಷನ್‌ಗೆ, ಅಂದರೆ ವಿಂಡೋಸ್ ಡ್ರೈವ್‌ನದಕ್ಕೆ, ಗ್ರಬ್ ಬರೆದುಬಿಡುತ್ತದೆ. ಲಿನಕ್ಸ್ ಇರುವುದು ಹೊಸ ಡ್ರೈವ್‌ನಲ್ಲಿ, ಅದನ್ನು ಎಬ್ಬಿಸುವ ಪ್ರೋಗ್ರಾಂ ಮಾತ್ರ ಹಳೆಯದರಲ್ಲಿ. ಎರಡು ಮನೆಗಳ ಬೀಗದ ಕೈಯನ್ನು ಒಂದೇ ಮನೆಯ ಮೊಳೆಗೆ ನೇತುಹಾಕಿದಂತೆ. ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗೆ ಇದು ಗೊತ್ತಾಗುವುದು ಆ ಎಸ್‌ಎಸ್‌ಡಿ ಕಿತ್ತುಕೊಂಡು ಕಾಲೇಜಿಗೆ ಹೋದ ದಿನ. ಮನೆಯ ಕಂಪ್ಯೂಟರ್ ಆನ್ ಮಾಡಿದವರಿಗೆ ವಿಂಡೋಸ್ ಬದಲು ಕಪ್ಪು ತೆರೆಯ ಮೇಲೆ ಗ್ರಬ್‌ನ ಒಂದೇ ಒಂದು ಸಾಲು ಕಾಣುತ್ತದೆ. ಇತ್ತ ಕಾಲೇಜಿನ ಕಂಪ್ಯೂಟರ್‌ಗೆ ಹಾಕಿದ ಎಸ್‌ಎಸ್‌ಡಿಯೂ ಏಳುವುದಿಲ್ಲ.

ಪರಿಹಾರ ತೀರಾ ಸರಳ. ಲಿನಕ್ಸ್ ಹಾಕುವ ಹೊತ್ತಿನಲ್ಲಿ ವಿಂಡೋಸ್ ಡ್ರೈವ್ ಯಂತ್ರದಲ್ಲೇ ಇರಬಾರದು. ಸ್ಕ್ರೂ ಬಿಚ್ಚಿ ತೆಗೆದಿಡಿ. ಇಲ್ಲದ ಡ್ರೈವ್‌ಗೆ ಯಾವ ಇನ್‌ಸ್ಟಾಲರ್‌ನಿಂದಲೂ ಬರೆಯಲಾಗದು. ಮುಂದೆ ಹೇಳುವ ಎಲ್ಲ ಹಂತಗಳಿಗೂ ಇದೇ ಬುನಾದಿ.

ಯಾವ ಡ್ರೈವ್ ಕೊಳ್ಳಬೇಕು?

256 ಜಿಬಿಯ ಎಸ್‌ಎಸ್‌ಡಿ ಧಾರಾಳವಾಗಿ ಸಾಕು. ಮಿಂಟ್ ಕೇಳುವುದು ಕನಿಷ್ಠ 20 ಜಿಬಿ, ಆರಾಮವಾಗಿರಲು 100 ಜಿಬಿ.

ಡೆಸ್ಕ್‌ಟಾಪ್ ಆದರೆ ಯೋಚನೆಯೇ ಇಲ್ಲ: 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಜತೆಗೊಂದು ಸಾಟಾ ಕೇಬಲ್. ಲ್ಯಾಪ್‌ಟಾಪ್ ಆದರೆ ಕೊಳ್ಳುವ ಮುನ್ನ ಅದರ ಮಾದರಿ ಸಂಖ್ಯೆಯ ಸರ್ವಿಸ್ ಮ್ಯಾನುಯಲ್ ನೋಡಿ. ಒಳಗೆ ಎಂ.2 ಸ್ಲಾಟ್ ಖಾಲಿ ಇದೆಯೇ, ಇದ್ದರೆ ಅದು ಎನ್‌ವಿಎಂಇ ಒಪ್ಪುತ್ತದೆಯೇ, ಸಾಟಾ ಮಾತ್ರವೇ ಎಂದು ತಿಳಿಯಬೇಕು. ಎರಡೂ ನೋಡಲು ಒಂದೇ ಥರದ ಪಟ್ಟಿಗಳು, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಡೆಯದು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅಷ್ಟುದ್ದ ಜಾಗವಿರುವುದಿಲ್ಲ. ಕೆಲವು ಡೆಸ್ಕ್‌ಟಾಪ್ ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತದೆ. "ಹೊಸ ಡ್ರೈವ್ ಹಾಕಿದ ಕೂಡಲೇ ಹಳೆಯ ಡಿಸ್ಕ್ ಮಾಯ" ಎಂಬ ಗಾಬರಿಗೆ ಎಷ್ಟೋ ಸಲ ಇಷ್ಟೇ ಕಾರಣ. ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿದರೆ ಆಯಿತು.

ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಕ್ಯಾಡಿ ಎಂಬ ಚೌಕಟ್ಟು ಸಿಗುತ್ತದೆ. ಡಿವಿಡಿ ತೆಗೆದು ಆ ಜಾಗಕ್ಕೆ ಕ್ಯಾಡಿಯಲ್ಲಿ ಕೂರಿಸಿದ ಎಸ್‌ಎಸ್‌ಡಿ ತೂರಿಸಬಹುದು. 9.5 ಮತ್ತು 12.7 ಮಿಲಿಮೀಟರ್ ಎಂದು ಎರಡು ದಪ್ಪಗಳಿವೆ, ಅಳೆದೇ ಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳು ಈ ಜಾಗದ ಡ್ರೈವ್‌ನಿಂದ ಬೂಟ್ ಆಗುವುದಿಲ್ಲ ಎಂಬುದೂ ನೆನಪಿರಲಿ.

ಒಳಗೆ ಜಾಗವೇ ಇಲ್ಲದಿದ್ದರೆ ಯುಎಸ್‌ಬಿ 3 ಎಸ್‌ಎಸ್‌ಡಿ ಆಗುತ್ತದೆ. ಪೆನ್‌ಡ್ರೈವ್‌ನಲ್ಲೇ ಖಾಯಂ ಲಿನಕ್ಸ್ ಇಡುವ ಆಸೆ ಬೇಡ. ದಿನವಿಡೀ ಸಣ್ಣಸಣ್ಣದಾಗಿ ಬರೆಯುವ ಕೆಲಸಕ್ಕೆ ಅದು ನಿಧಾನ, ಬೇಗ ಸವೆಯುತ್ತದೆ ಕೂಡ. ಲ್ಯಾಪ್‌ಟಾಪ್ ವಾರಂಟಿಯಲ್ಲಿದ್ದರೆ ಬಿಚ್ಚುವ ಮುನ್ನ ಅದರ ಷರತ್ತು ಓದಿಕೊಳ್ಳಿ.

ಮೊದಲು ವಿಂಡೋಸ್‌ನಲ್ಲಿ ಮಾಡಬೇಕಾದ ಕೆಲಸ

1. ಬ್ಯಾಕಪ್. ಡ್ರೈವ್ ಬಿಚ್ಚಿಡುತ್ತೇವಲ್ಲ ಎಂದು ಇದನ್ನು ಬಿಡಬೇಡಿ. ಕಡತಗಳ ಒಂದು ಪ್ರತಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಟ್ಯಾಲಿ ಡೇಟಾ ಫೋಲ್ಡರ್, ನುಡಿ ಕಡತಗಳು ಮೊದಲು.

2. ಬಿಟ್‌ಲಾಕರ್ ಕೀ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆದಾರರಿಗೆ ಗೊತ್ತಿಲ್ಲದೆಯೇ ಡ್ರೈವ್ ಬಿಟ್‌ಲಾಕರ್ ಗೂಢಲಿಪಿಯಲ್ಲಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಾದರೆ ಬಿಟ್‌ಲಾಕರ್ ಮುಂದಿನ ಸಲ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಒಳಗಿನ ಕಡತಗಳ ಆಸೆ ಬಿಟ್ಟಂತೆ. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಕೀ ಸಿಗುತ್ತದೆ. ಕಾಗದದ ಮೇಲೆ ಬರೆದಿಡಿ, ಅದೇ ಕಂಪ್ಯೂಟರ್‌ನಲ್ಲಿ ಉಳಿಸಿಡಬೇಡಿ.

3. ಫಾಸ್ಟ್ ಸ್ಟಾರ್ಟಪ್ ಆಫ್. 2012ರಲ್ಲಿ ವಿಂಡೋಸ್ 8 ಜತೆ ಬಂದ ಈ ಸೌಲಭ್ಯವಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಅರ್ಧ ನಿದ್ದೆಯ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಆ ಸ್ಥಿತಿಯ ಡಿಸ್ಕ್‌ಗೆ ಲಿನಕ್ಸ್‌ನಿಂದ ಏನಾದರೂ ಬರೆದರೆ ಕಡತಗಳು ಕೆಡುತ್ತವೆ. ಅದಕ್ಕೇ ಲಿನಕ್ಸ್ ಅಂಥ ಡಿಸ್ಕನ್ನು ಓದಲಷ್ಟೇ ತೆರೆಯುತ್ತದೆ, ಅಥವಾ ತೆರೆಯುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳ ಕೆಲಸ ಆರಿಸುವ ಪುಟಕ್ಕೆ ಹೋಗಿ ಟಿಕ್ ಗುರುತು ತೆಗೆಯಿರಿ. ಆಯ್ಕೆ ಮಸುಕಾಗಿ ಕಂಡರೆ ಮೇಲಿರುವ ಸೆಟ್ಟಿಂಗ್ ಬದಲಿಸುವ ನೀಲಿ ಸಾಲನ್ನು ಒತ್ತಿದ ಮೇಲೆ ಅದು ತೆರೆದುಕೊಳ್ಳುತ್ತದೆ.

4. ಬಯೋಸ್ ಮೋಡ್ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಷನ್ ಎಂದು ಹುಡುಕಿ ತೆರೆದರೆ ಬಯೋಸ್ ಮೋಡ್ ಎಂಬ ಸಾಲಿದೆ. ಅಲ್ಲಿ ಯುಇಎಫ್‌ಐ ಎಂದಿದ್ದರೆ ಲಿನಕ್ಸನ್ನೂ ಯುಇಎಫ್‌ಐ ಮೋಡ್‌ನಲ್ಲೇ ಹಾಕಬೇಕು, ಲೆಗಸಿ ಎಂದಿದ್ದರೆ ಲೆಗಸಿಯಲ್ಲೇ. ಎರಡನ್ನು ಬೆರೆಸಿದರೆ ಪ್ರತಿಸಲ ವ್ಯವಸ್ಥೆ ಬದಲಿಸಲು ಬಯೋಸ್ ಒಳಹೊಕ್ಕು ಬರಬೇಕಾದೀತು.

5. ಪೆನ್‌ಡ್ರೈವ್ ತಯಾರಿ. 8 ಜಿಬಿಯ ಪೆನ್‌ಡ್ರೈವ್, ಅಧಿಕೃತ ತಾಣದಿಂದ ಇಳಿಸಿಕೊಂಡ ಐಎಸ್‌ಒ ಕಡತ, ರೂಫಸ್ ಅಥವಾ ಬಲೇನಾ ಎಚರ್ ತಂತ್ರಾಂಶ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಐಎಸ್‌ಒ ಅರ್ಧಂಬರ್ಧ ಇಳಿದಿದ್ದರೆ ಇನ್‌ಸ್ಟಾಲ್ ಮಧ್ಯದಲ್ಲಿ ನಿಲ್ಲುತ್ತದೆ. ಆದ್ದರಿಂದ ತಾಣದಲ್ಲಿ ಕೊಟ್ಟ ಚೆಕ್‌ಸಮ್ ಜತೆ ತಾಳೆ ನೋಡಿಕೊಳ್ಳಿ.

ಯಾವ ಲಿನಕ್ಸ್ ಎಂಬ ಪ್ರಶ್ನೆಗೆ ಉತ್ತರ ಬಳಸುವವರ ಮೇಲೆ ನಿಂತಿದೆ. ವಿಂಡೋಸ್ ಅಭ್ಯಾಸವಿರುವವರಿಗೆ ಮಿಂಟ್ ಒಳ್ಳೆಯದು. ಸ್ಟಾರ್ಟ್ ಮೆನುವಿನ ಜಾಗ, ಕೆಳಗಿನ ಪಟ್ಟಿ ಎಲ್ಲ ಪರಿಚಿತವಾಗಿಯೇ ಕಾಣುತ್ತವೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಅಳವಡಿಕೆಗೆ ಮುನ್ನ ಪರೀಕ್ಷೆ

ಲಿನಕ್ಸ್‌ನ ದೊಡ್ಡ ಸೌಕರ್ಯವೆಂದರೆ ಡ್ರೈವ್‌ಗೆ ಏನನ್ನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ ನೋಡಬಹುದು. ಈ ಲೈವ್ ಅವಧಿಯಲ್ಲಿ ವೈಫೈ, ಸೌಂಡ್, ಟಚ್‌ಪ್ಯಾಡ್, ತೆರೆಯ ಬೆಳಕು, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು, ಇಷ್ಟನ್ನೂ ನೋಡಿಕೊಳ್ಳಿ. ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ವೈಫೈ ಚಿಪ್‌ಗಳು ಒಡನೆಯೇ ಕೆಲಸ ಮಾಡುವುದಿಲ್ಲ. ಆಗ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ, ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು.

ಪ್ರಿಂಟರ್ ಬಗ್ಗೆ ವಿಶೇಷ ಗಮನ ಬೇಕು. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸಲೀಸು. ಆದರೆ ನಮ್ಮ ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಬಗೆಯ ಡ್ರೈವರ್ ಬೇಡುತ್ತದೆ; ಲಿನಕ್ಸ್‌ನಲ್ಲಿ ಅದನ್ನು ಹೊಂದಿಸುವುದು ಸುಲಭವಲ್ಲ. ಅಂಥ ಕಡೆ ಮುದ್ರಣಕ್ಕೆ ವಿಂಡೋಸ್ ಉಳಿಸಿಕೊಳ್ಳುವುದೇ ಜಾಣತನ.

ಹಂತಹಂತವಾಗಿ

1. ಕಂಪ್ಯೂಟರನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಅಥವಾ ಪವರ್ ಕೇಬಲ್ ಕೀಳಿ. ಲ್ಯಾಪ್‌ಟಾಪ್ ಆದರೆ ಹಿಂಬದಿ ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಚ್ಚಿ. ಮೈಮೇಲಿನ ಸ್ಥಿರವಿದ್ಯುತ್ ಹರಿದುಹೋಗಲು ಬಣ್ಣ ಬಳಿಯದ ಲೋಹವನ್ನೊಮ್ಮೆ ಮುಟ್ಟಿ.

2. ವಿಂಡೋಸ್ ಡ್ರೈವ್ ಬಿಚ್ಚಿ. ಡೆಸ್ಕ್‌ಟಾಪ್‌ನಲ್ಲಿ ಸಾಟಾ ಕೇಬಲ್ ಎಳೆದರೆ ಸಾಕು, ಎಂ.2 ಆದರೆ ಒಂದೇ ಸ್ಕ್ರೂ. ಹೊಸ ಡ್ರೈವನ್ನು ಅದರ ಸ್ಲಾಟ್‌ನಲ್ಲಿ ಕೂರಿಸಿ. ಎಂ.2 ಪಟ್ಟಿಯನ್ನು ಓರೆಯಾಗಿ ತೂರಿಸಿ ಆಮೇಲೆ ಕೆಳಗೊತ್ತಿ ಸ್ಕ್ರೂ ಬಿಗಿಯಬೇಕು.

3. ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೋವೊ, ಏಸರ್‌ಗಳಲ್ಲಿ ಎಫ್12; ಎಚ್‌ಪಿಯಲ್ಲಿ ಎಫ್9; ಏಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಅದೇ ಕಂಪನಿಯ ಮದರ್‌ಬೋರ್ಡಿನಲ್ಲಿ ಎಫ್8; ಎಂಎಸ್‌ಐನಲ್ಲಿ ಎಫ್11; ಗಿಗಾಬೈಟ್‌ನಲ್ಲಿ ಎಫ್12. ಏಸರ್‌ನಲ್ಲಿ ಎಷ್ಟೋ ಸಲ ಬಯೋಸ್ ಒಳಗೆ ಹೋಗಿ ಈ ಮೆನುವನ್ನು ಮೊದಲು ಆನ್ ಮಾಡಬೇಕಾಗುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದು ಬರೆದಿರುವುದನ್ನು ಆರಿಸಿ. ಲೆಗಸಿ ಯಂತ್ರದವರು ಇನ್ನೊಂದನ್ನು.

4. ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಉಬುಂಟು, ಮಿಂಟ್, ಫೆಡೋರಾಗಳ ಬೂಟ್‌ಲೋಡರ್‌ಗೆ ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ದಾರಿ ಮಾಡಿಕೊಡುತ್ತದೆ.

5. ಇನ್‌ಸ್ಟಾಲರ್ ತೆರೆದು ಭಾಷೆ, ಕೀಬೋರ್ಡ್ ಆರಿಸಿದ ಮೇಲೆ ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಹಾಕುವ ಆಯ್ಕೆ ಬರುತ್ತದೆ. ಬೇರೆ ಸಂದರ್ಭದಲ್ಲಿ ಎಲ್ಲಕ್ಕಿಂತ ಅಪಾಯದ ಆಯ್ಕೆ ಇದು. ಇಲ್ಲಿ ಎಲ್ಲಕ್ಕಿಂತ ಸುರಕ್ಷಿತ. ಅಳಿಸಬಹುದಾದ ಡ್ರೈವ್ ಒಳಗಿರುವುದು ಖಾಲಿಯದೊಂದೇ. ಇಎಫ್‌ಐ ಪಾರ್ಟಿಷನ್ ಸೇರಿದಂತೆ ಬೇಕಾದ್ದನ್ನೆಲ್ಲ ಇನ್‌ಸ್ಟಾಲರ್ ತಾನೇ ಮಾಡಿಕೊಳ್ಳುತ್ತದೆ. ಆದರೂ ತೋರಿಸಿದ ಡ್ರೈವ್‌ನ ಗಾತ್ರವನ್ನೊಮ್ಮೆ ಓದಿ, ಆಮೇಲೆ ಮುಂದುವರಿಯಿರಿ.

6. ಎನ್‌ವಿಡಿಯಾ ಗ್ರಾಫಿಕ್ಸ್ ಅಥವಾ ಹೊರಗಿನ ಡ್ರೈವರ್ ಇದ್ದರೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ತೆರೆ ಬಂದು ಕೆಲವೇ ಸೆಕೆಂಡು ಕಾಯುತ್ತದೆ. ಅಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಇದೇನೋ ವೈರಸ್ ಇರಬೇಕೆಂದು ಹೆದರಿ ಮುಂದೆ ಹೋದವರಿಗೆ ಡ್ರೈವರ್ ಕೆಲಸ ಮಾಡುವುದಿಲ್ಲ.

7. ಪೆನ್‌ಡ್ರೈವ್ ತೆಗೆದು ಲಿನಕ್ಸ್ ತಾನಾಗಿ ಏಳುತ್ತದೆಯೇ ನೋಡಿ. ಎದ್ದರೆ ಬೂಟ್‌ಲೋಡರ್ ಸರಿಯಾದ ಡ್ರೈವ್‌ನಲ್ಲಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅಪ್‌ಡೇಟ್‌ಗಳನ್ನು ಹಾಕಿಕೊಂಡು ಶಟ್‌ಡೌನ್ ಮಾಡಿ.

8. ವಿಂಡೋಸ್ ಡ್ರೈವನ್ನು ಮೊದಲಿದ್ದ ಸ್ಲಾಟ್‌ಗೇ ಮತ್ತೆ ಜೋಡಿಸಿ. ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಈಗ ವಿಂಡೋಸ್ ಬೂಟ್ ಮ್ಯಾನೇಜರ್, ಉಬುಂಟು ಎರಡೂ ಕಾಣಬೇಕು. ಮಿಂಟ್ ಹಾಕಿದ್ದರೂ ಅಲ್ಲಿ ಉಬುಂಟು ಎಂದೇ ಕಾಣುತ್ತದೆ, ಗಾಬರಿ ಬೇಡ. ಹೆಚ್ಚು ಬಳಸುವುದನ್ನು ಮೇಲಕ್ಕೆ ತನ್ನಿ.

ಡ್ರೈವ್ ಬಿಚ್ಚಲಾಗದ ಲ್ಯಾಪ್‌ಟಾಪ್‌ಗಳೂ ಇವೆ. ಮೊದಲು ಬಯೋಸ್‌ನಲ್ಲಿ ಆ ಡ್ರೈವನ್ನು ಆಫ್ ಮಾಡುವ ಸೌಲಭ್ಯವಿದೆಯೇ ನೋಡಿ. ಇಲ್ಲದಿದ್ದರೆ ಲೈವ್ ಅವಧಿಯಲ್ಲಿ ಜಿಪಾರ್ಟೆಡ್ ಎಂಬ ಪಾರ್ಟಿಷನ್ ತಂತ್ರಾಂಶ ತೆರೆದು, ವಿಂಡೋಸ್‌ನ ಇಎಫ್‌ಐ ಪಾರ್ಟಿಷನ್ ಮೇಲಿರುವ ಬೂಟ್, ಇಎಸ್‌ಪಿ ಎಂಬ ಗುರುತುಗಳನ್ನು ತಾತ್ಕಾಲಿಕವಾಗಿ ತೆಗೆಯುವುದು ಇನ್ನೊಂದು ದಾರಿ. ಆಗ ಇನ್‌ಸ್ಟಾಲರ್ ಅದನ್ನು ಗುರುತಿಸದೆ ಹೊಸ ಡ್ರೈವ್‌ಗೇ ಬರೆಯುತ್ತದೆ. ಆದರೆ ಇನ್‌ಸ್ಟಾಲ್ ಮುಗಿದ ಕೂಡಲೇ ಆ ಗುರುತುಗಳನ್ನು ಮರಳಿ ಹಾಕಲೇಬೇಕು, ಮತ್ತು ಈ ದಾರಿಯಲ್ಲಿ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಗೆ ಮುನ್ನ ಡ್ರೈವ್‌ನ ಹೆಸರನ್ನೂ ಗಾತ್ರವನ್ನೂ ಎರಡೆರಡು ಬಾರಿ ನೋಡಬೇಕು. ಕಂಪ್ಯೂಟರ್ ಹೊಸದಾಗಿ ಕಲಿಯುತ್ತಿರುವವರಿಗೆ ಈ ದಾರಿ ಹೇಳಬಾರದು; ಬಿಚ್ಚಬಲ್ಲ ರಿಪೇರಿಯವರ ಹತ್ತಿರ ಅರ್ಧ ಗಂಟೆ ಕೂರುವುದು ಲೇಸು.

ದಿನನಿತ್ಯ ಆರಿಸಿಕೊಳ್ಳುವುದು ಹೇಗೆ?

ಆನ್ ಮಾಡಿದಾಗ ಬೂಟ್ ಮೆನು ಕೀ ಒತ್ತಿ ಬೇಕಾದ್ದನ್ನು ಆರಿಸುವುದು ಅತ್ಯಂತ ಚೊಕ್ಕ ದಾರಿ. ಇದರಲ್ಲಿ ಎರಡೂ ಡ್ರೈವ್‌ಗಳು ಪರಸ್ಪರ ಅಪರಿಚಿತವಾಗಿಯೇ ಉಳಿಯುತ್ತವೆ. ಬಿಟ್‌ಲಾಕರ್ ಇರುವವರು ಇದನ್ನೇ ಪಾಲಿಸಬೇಕು. ವಿಂಡೋಸನ್ನು ಗ್ರಬ್ ಮೂಲಕ ಎಬ್ಬಿಸಿದಾಗ ಏಳುವ ಕ್ರಮ ಬದಲಾದದ್ದನ್ನು ಟಿಪಿಎಂ ಗಮನಿಸುತ್ತದೆ, ಬಿಟ್‌ಲಾಕರ್ ಆ 48 ಅಂಕಿಗಳನ್ನು ಕೇಳಲು ಶುರುಮಾಡಬಹುದು.

ಹಲವರು ಬಳಸುವ ಅಂಗಡಿ, ಮನೆಯ ಯಂತ್ರಕ್ಕೆ ತೆರೆಯ ಮೇಲೆ ಪಟ್ಟಿ ತೋರುವ ಗ್ರಬ್ ಅನುಕೂಲ. ಗ್ರಬ್‌ನ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಕಾರಣವಿದೆ: 2021ರಲ್ಲಿ ಬಂದ 2.06ನೇ ಆವೃತ್ತಿಯಿಂದ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಸೌಲಭ್ಯವನ್ನು ಭದ್ರತೆಯ ದೃಷ್ಟಿಯಿಂದ ಮುಚ್ಚಿಡಲಾಗಿದೆ. ಇಟಿಸಿ ಫೋಲ್ಡರಿನ ಒಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿ ಗ್ರಬ್ ಹೆಸರಿನ ಕಡತವಿದೆ. ಅದರಲ್ಲಿ ಓಎಸ್-ಪ್ರೋಬರ್ ಡಿಸೇಬಲ್ ಎಂಬ ಸಾಲಿನ ಬೆಲೆ ಫಾಲ್ಸ್ ಎಂದಿರಬೇಕು, ಸಾಲಿನ ಮುಂದೆ ಹ್ಯಾಶ್ ಗುರುತು ಇರಬಾರದು. ಕಡತ ಉಳಿಸಿ ಟರ್ಮಿನಲ್‌ನಲ್ಲಿ ಅಪ್‌ಡೇಟ್-ಗ್ರಬ್ ಆದೇಶವನ್ನು ಸುಡೊ ಜತೆ ಓಡಿಸಿದರೆ ಮೆನುವಿನಲ್ಲಿ ವಿಂಡೋಸ್ ಸೇರಿಕೊಳ್ಳುತ್ತದೆ.

ಪದೇಪದೇ ಎದುರಾಗುವ ತೊಂದರೆಗಳು

ಐದೂವರೆ ಗಂಟೆ ಹಿಂದೆ ಬೀಳುವ ಗಡಿಯಾರ. ಲಿನಕ್ಸ್‌ನಲ್ಲಿ ಸಂಜೆ 6 ಗಂಟೆಗೆ ಕೆಲಸ ಮುಗಿಸಿ ವಿಂಡೋಸ್‌ಗೆ ಹೋದರೆ ಅಲ್ಲಿ ಮಧ್ಯಾಹ್ನ 12.30. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ವಿಶ್ವ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಡುವಿನ ಅಂತರ ಭಾರತದ ಐದೂವರೆ ಗಂಟೆ. ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶಕ್ಕೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಸೇರಿಸಿ ಓಡಿಸಿದರೆ ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಇಡುತ್ತದೆ. ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ಬದಲಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಇದರಿಂದ ತೊಂದರೆಯಿಲ್ಲ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವ ಕನ್ನಡಿಗರಿಗೆ ಮಾತ್ರ ಈ ಉಪಾಯ ವರ್ಷಕ್ಕೆರಡು ಸಲ ಕಿರಿಕಿರಿ ಕೊಡುತ್ತದೆ. ಅವರು ವಿಂಡೋಸ್‌ನ ರಿಜಿಸ್ಟ್ರಿಯಲ್ಲೇ ವಿಶ್ವ ಸಮಯ ಓದುವಂತೆ ಬದಲಿಸಿಕೊಳ್ಳುವುದು ಮೇಲು.

ಇನ್‌ಸ್ಟಾಲರ್‌ಗೆ ಡ್ರೈವೇ ಕಾಣದಿರುವುದು. ಬಯೋಸ್‌ನಲ್ಲಿ ಸ್ಟೋರೇಜ್ ಮೋಡ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿದ್ದರೆ ಹೀಗಾಗುತ್ತದೆ. ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ತೆರೆ ತೋರಿಸಿ ನಿಂತುಬಿಡುತ್ತದೆ. ವಿಂಡೋಸ್ ಡ್ರೈವ್ ಬಿಚ್ಚುವ ಮುನ್ನವೇ ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಮಾಡಿ, ಬಯೋಸ್‌ನಲ್ಲಿ ಎಎಚ್‌ಸಿಐ ಆರಿಸಿ, ವಿಂಡೋಸ್ ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಟಿಕ್ ತೆಗೆಯಿರಿ. ಬಿಟ್‌ಲಾಕರ್ ಇದ್ದರೆ ಈ ಕೆಲಸಕ್ಕೆ ಮುನ್ನ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡ್ ಗೊತ್ತಿರಲಿ.

ವಿಂಡೋಸ್‌ನಲ್ಲಿ ಹೊಸ ಡ್ರೈವ್ ಕಾಣುತ್ತಿಲ್ಲ ಎಂಬ ದೂರು. ಲಿನಕ್ಸ್ ಬಳಸುವ ಎಕ್ಸ್‌ಟ್4 ಕಡತ ವ್ಯವಸ್ಥೆಯನ್ನು ವಿಂಡೋಸ್ ಓದಲಾರದು, ಅಷ್ಟೇ. ಫಾರ್ಮ್ಯಾಟ್ ಮಾಡಲೇ ಎಂದು ಅದು ಯಾವಾಗಲಾದರೂ ಕೇಳಿದರೆ ಬೇಡವೆನ್ನಿ. ಮನೆಯವರಿಗೂ, ಅಂಗಡಿಯ ಹುಡುಗರಿಗೂ ಇದನ್ನು ಮೊದಲೇ ಹೇಳಿಡಬೇಕು. ಎರಡೂ ಕಡೆ ಬೇಕಾದ ಕಡತಗಳಿಗೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನ ಪ್ರತ್ಯೇಕ ಪಾರ್ಟಿಷನ್ ಮಾಡಿಕೊಳ್ಳಿ. ಲಿನಕ್ಸ್‌ನಿಂದ ವಿಂಡೋಸ್‌ನ ಸಿ ಡ್ರೈವ್‌ಗೆ ಬರೆಯುವ ಅಭ್ಯಾಸ ಬೇಡ.

ಅಪ್‌ಡೇಟ್ ನಂತರ ಲಿನಕ್ಸ್ ಏಳದಿರುವುದು. ವಿಂಡೋಸ್ ಅಪ್‌ಡೇಟ್ ಕೆಲವೊಮ್ಮೆ ತನ್ನನ್ನೇ ಪಟ್ಟಿಯ ಮೊದಲಿಗೆ ತಂದುಕೊಳ್ಳುತ್ತದೆ. ಬಯೋಸ್‌ಗೆ ಹೋಗಿ ಕ್ರಮ ಬದಲಿಸಿದರೆ ಮುಗಿಯಿತು. ಆದರೆ ಬೇರೆ ಡ್ರೈವ್ ಎಲ್ಲ ಕಂಟಕಗಳಿಂದಲೂ ಕಾಪಾಡುತ್ತದೆಂದು ನಂಬಬಾರದು. 2024ರ ಆಗಸ್ಟ್ 13ರ ವಿಂಡೋಸ್ ಭದ್ರತಾ ಅಪ್‌ಡೇಟ್ ಹಳೆಯ, ಲೋಪವಿರುವ ಲಿನಕ್ಸ್ ಬೂಟ್‌ಲೋಡರ್‌ಗಳನ್ನು ತಡೆಯುವ ಒಂದು ಪಟ್ಟಿಯನ್ನು ಹಾಕಿತು. ಡ್ಯುಯಲ್ ಬೂಟ್ ಯಂತ್ರಗಳಿಗೆ ಅದು ಬೀಳುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ಆದರೂ ಹಲವು ಯಂತ್ರಗಳಿಗೆ ಬಿತ್ತು. ಶಿಮ್ ಪರೀಕ್ಷೆ ವಿಫಲ ಎಂಬ ಸಂದೇಶದೊಂದಿಗೆ ಲಿನಕ್ಸ್ ನಿಂತುಹೋಯಿತು. ಆ ಪಟ್ಟಿ ಉಳಿಯುವುದು ಮದರ್‌ಬೋರ್ಡಿನ ನೆನಪಿನಲ್ಲಿ, ಡ್ರೈವ್‌ನಲ್ಲಲ್ಲ. ಹಾಗಾಗಿ ಬೇರೆ ಡ್ರೈವ್ ಇದ್ದವರಿಗೂ ಅದು ತಟ್ಟಿತು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಒಳಹೊಕ್ಕು ಆ ಪಟ್ಟಿಯನ್ನು ಅಳಿಸಿ ಮತ್ತೆ ಆನ್ ಮಾಡುವುದು ಆಗಿನ ಪರಿಹಾರವಾಗಿತ್ತು. ಇಂಥದ್ದು ಬಾರದಿರಲು ಇರುವ ಮುಂಜಾಗ್ರತೆ ಒಂದೇ, ಲಿನಕ್ಸ್ ಅಪ್‌ಡೇಟ್‌ಗಳನ್ನು ತಿಂಗಳುಗಟ್ಟಲೆ ಮುಂದೂಡದಿರುವುದು. ಮಿಂಟ್‌ನಲ್ಲಿ ಜತೆಗೇ ಬರುವ ಟೈಮ್‌ಶಿಫ್ಟ್ ಆನ್ ಮಾಡಿಟ್ಟರೆ ಅಪ್‌ಡೇಟ್ ಕೆಟ್ಟಾಗ ಹಿಂದಿನ ಸ್ಥಿತಿಗೆ ಮರಳಬಹುದು.

ಕನ್ನಡ ಬರೆಯಲು

ನುಡಿ ಕೀಲಿಮಣೆ ರೂಢಿಯಾದವರು ಹೊಸದೇನನ್ನೂ ಕಲಿಯಬೇಕಿಲ್ಲ. ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿದರೆ ಇನ್‌ಪುಟ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ವಿನ್ಯಾಸ ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಎಲ್ಲ ಕಡೆ ಕೆಲಸ ಮಾಡುತ್ತದೆ. ಗುಬ್ಬಿ, ನವಿಲು ಎಂಬ ಅಂದದ ಕನ್ನಡ ಫಾಂಟ್‌ಗಳು ಉಬುಂಟು, ಮಿಂಟ್‌ಗಳ ಸಾಫ್ಟ್‌ವೇರ್ ಸಂಗ್ರಹದಲ್ಲೇ ಉಚಿತವಾಗಿ ದೊರೆಯುತ್ತವೆ. ಯುನಿಕೋಡ್‌ನಲ್ಲಿ ಬರೆದ ಕಡತ ವಿಂಡೋಸ್‌ನಲ್ಲೂ ಹಾಗೆಯೇ ತೆರೆಯುತ್ತದೆ. ಹಳೆಯ ಆಸ್ಕಿ ನುಡಿ ಕಡತಗಳನ್ನು ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸಿ ತರಬೇಕು. ದಿನಕ್ಕೆ ನಾಲ್ಕಾರು ಕಡತಗಳಂತೆ ಈ ಪರಿವರ್ತನೆ ಶುರುಮಾಡಿದರೆ ವಿಂಡೋಸ್ ಕಡೆಯ ಓಡಾಟ ತಾನಾಗಿಯೇ ಕಡಿಮೆಯಾಗುತ್ತದೆ.

ಲಿನಕ್ಸ್ ಬೇಡವೆನಿಸಿದರೆ

ಒಂದೇ ಡಿಸ್ಕ್‌ನಲ್ಲಿ ಎರಡೂ ಇದ್ದಾಗ ಲಿನಕ್ಸ್ ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಇಲ್ಲಿ ಹಾಗಲ್ಲ. ಡ್ರೈವ್ ಬಿಚ್ಚಿದರೆ ಆಯಿತು, ವಿಂಡೋಸ್ ಎಂದಿನಂತೆ ಏಳುತ್ತದೆ. ಅದೇ ಡ್ರೈವನ್ನು ಬೇರೆ ಕೆಲಸಕ್ಕೆ ಬಳಸಬೇಕಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದರ ಇಎಫ್‌ಐ ಪಾರ್ಟಿಷನ್ ಅಳಿಸಲು ಬಿಡುವುದಿಲ್ಲ. ಡಿಸ್ಕ್‌ಪಾರ್ಟ್‌ನ ಕ್ಲೀನ್ ಆದೇಶದಿಂದ ಅಳಿಸಬಹುದಾದರೂ ಡಿಸ್ಕ್ ಸಂಖ್ಯೆ ಒಂದು ತಪ್ಪಿದರೆ ವಿಂಡೋಸೇ ಹೋದೀತು. ಅದಕ್ಕಿಂತ ವಿಂಡೋಸ್ ಡ್ರೈವ್ ಬಿಚ್ಚಿಟ್ಟು, ಲಿನಕ್ಸ್ ಪೆನ್‌ಡ್ರೈವ್‌ನ ಲೈವ್ ಅವಧಿಯಲ್ಲಿ ಜಿಪಾರ್ಟೆಡ್‌ನಿಂದ ಅಳಿಸಿ. ಬೂಟ್ ಪಟ್ಟಿಯಲ್ಲಿ ಉಬುಂಟು ಎಂಬ ಹೆಸರು ಇನ್ನೂ ಉಳಿದಿದ್ದರೆ, ಬಯೋಸ್‌ನಲ್ಲಿ ಅದನ್ನು ತೆಗೆಯುವ ಆಯ್ಕೆಯಿದ್ದರೆ ತೆಗೆಯಬಹುದು. ಹಾಗೇ ಬಿಟ್ಟರೂ ಯಂತ್ರಕ್ಕೆ ತೊಂದರೆಯಿಲ್ಲ.